ಮರಿ ಬೇಡ, ದೊಡ್ಡ ಬೆಕ್ಕೇ ಕೊಡಿ ಅಂತ ಕೇಳಿ

ನಮಸ್ಕಾರ. ನಾನು ಬೆಂಗಳೂರಿನಲ್ಲಿ ಪಶುವೈದ್ಯೆ. ವಾರವೆಲ್ಲ ನನ್ನ ಕ್ಲಿನಿಕ್, ಬುಧವಾರ ಮತ್ತು ಶನಿವಾರ ಮಧ್ಯಾಹ್ನದ ಮೇಲೆ ಬೆಕ್ಕುಗಳ ಶೆಲ್ಟರ್‌ನಲ್ಲಿ ಕೆಲಸ. ಶೆಲ್ಟರ್‌ನಿಂದ ಬೆಕ್ಕು ತರುವ ಬಗ್ಗೆ ಏನಾದರೂ ಕೇಳೋದಿದ್ದರೆ ಕೇಳಿ ಅಂದಿದ್ದೆ. ಬಂದ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸುತ್ತಿದ್ದೇನೆ. ಯಾರ ಹೆಸರೂ ಹಾಕಿಲ್ಲ, ಊರು ಮಾತ್ರ ಇದೆ.

ಪ್ರಶ್ನೆ (ಮೈಸೂರು): ಮೇಡಂ, ಭಾನುವಾರ ಶೆಲ್ಟರ್‌ನಿಂದ 3 ವರ್ಷದ ಹೆಣ್ಣು ಬೆಕ್ಕು ತಂದ್ವಿ. ಬುಟ್ಟಿಯ ಬಾಗಿಲು ತೆಗೆದಿದ್ದೇ ತಡ, ಮಂಚದ ಕೆಳಗೆ ಸೇರಿಕೊಂಡುಬಿಡ್ತು. ಇವತ್ತು ಮಂಗಳವಾರ, ಇನ್ನೂ ಈಚೆ ಬಂದಿಲ್ಲ. ಕೈ ಹಾಕಿದ್ರೆ ಉಸ್ ಅನ್ನುತ್ತೆ. ನಿನ್ನೆ ರಾತ್ರಿ ನಾಲ್ಕು ಕಾಳು ತಿಂದಿರಬಹುದು ಅಷ್ಟೆ. ಅದಕ್ಕೆ ನಾವು ಇಷ್ಟ ಇಲ್ಲ ಅಂತ ಮಗಳು ಅಳ್ತಿದಾಳೆ. ವಾಪಸ್ ಕೊಟ್ಟುಬಿಡೋದಾ?

ಉತ್ತರ: ಕೊಡಬೇಡಿ ಅಮ್ಮಾ, ದಯವಿಟ್ಟು. ಮೊದಲ ವಾರದಲ್ಲಿ ವಾಪಸ್ ಬರುವ ಬೆಕ್ಕುಗಳಲ್ಲಿ ಹೆಚ್ಚಿನವು ಹೀಗೆ ಮಂಚದಡಿಯಿಂದಲೇ ವಾಪಸ್ ಬಂದಂಥವು. ಬೆಕ್ಕಿಗೆ ಜನಕ್ಕಿಂತ ಮೊದಲು ಜಾಗ ಮುಖ್ಯ. ತನ್ನ ವಾಸನೆ ಇಲ್ಲದ ಜಾಗಕ್ಕೆ ಬಂದು ಬಿದ್ದ ಬೆಕ್ಕು ಬಚ್ಚಿಟ್ಟುಕೊಳ್ಳೋದು ಕಾಯಿಲೆಯೂ ಅಲ್ಲ, ಸಿಟ್ಟೂ ಅಲ್ಲ. 2014ರಲ್ಲಿ ನೆದರ್ಲೆಂಡ್ಸ್‌ನ ಒಂದು ಶೆಲ್ಟರ್‌ನಲ್ಲಿ ಹೊಸದಾಗಿ ಬಂದ 19 ಬೆಕ್ಕುಗಳ ಮೇಲೆ ಒಂದು ಪ್ರಯೋಗ ನಡೆಯಿತು. ಹತ್ತಕ್ಕೆ ಅಡಗಿಕೊಳ್ಳಲು ಒಂದು ಡಬ್ಬ ಕೊಟ್ಟರು, ಒಂಬತ್ತಕ್ಕೆ ಕೊಡಲಿಲ್ಲ. ಡಬ್ಬ ಸಿಕ್ಕವು ಮೂರು ನಾಲ್ಕು ದಿನದಲ್ಲೇ ಸುಧಾರಿಸಿಕೊಂಡವು. ಸಿಗದವು ಅಷ್ಟು ನಿರಾಳವಾಗಲು ಎರಡು ವಾರದ ಹತ್ತಿರ ಹಿಡಿಯಿತು.

ಹಾಗಾಗಿ ಇವತ್ತು ಮಾಡಬೇಕಾದ್ದು ಇಷ್ಟು. ಮಂಚದ ಪಕ್ಕ ಒಂದು ರಟ್ಟಿನ ಡಬ್ಬ ಅಡ್ಡ ಮಲಗಿಸಿ, ಒಳಗೆ ಮಗಳ ಹಳೇ ಟೀ ಶರ್ಟ್ ಹಾಸಿ. ಊಟದ ತಟ್ಟೆ, ನೀರು, ಮರಳಿನ ಟ್ರೇ ಮೂರೂ ಅದೇ ಕೋಣೆಯಲ್ಲಿರಲಿ. ಆದರೆ ಟ್ರೇ ಊಟದಿಂದ ದೂರ ಇರಲಿ, ಕಕ್ಕಸಿನ ಪಕ್ಕ ಉಣ್ಣೋದು ನಮಗೆ ಹೇಗೋ ಅದಕ್ಕೂ ಹಾಗೆ. ಶೆಲ್ಟರ್‌ನಲ್ಲಿ ಯಾವ ಊಟ ಕೊಡುತ್ತಿದ್ದರೋ, ಯಾವ ಮರಳು ಹಾಕುತ್ತಿದ್ದರೋ ಅದನ್ನೇ ಎರಡು ವಾರ ಮುಂದುವರಿಸಿ. ಮಗಳು ದಿನಾ ಸಂಜೆ ಅರ್ಧ ಗಂಟೆ ಆ ಕೋಣೆಯ ನೆಲದ ಮೇಲೆ ಕೂತು ಜೋರಾಗಿ ಪಾಠ ಓದಲಿ. ಬೆಕ್ಕಿನ ಕಡೆ ದಿಟ್ಟಿಸಬಾರದು, ಕೈ ಚಾಚಬಾರದು. ಕಣ್ಣಿಗೆ ಕಣ್ಣು ಸಿಕ್ಕಿದರೆ ನಿಧಾನಕ್ಕೆ ರೆಪ್ಪೆ ಮುಚ್ಚಿ ತೆಗೆಯಲಿ. ಹಾಗೆ ಮಾಡಿದ ಮನುಷ್ಯರಿಗೆ ಬೆಕ್ಕು ತಿರುಗಿ ರೆಪ್ಪೆ ಮುಚ್ಚುತ್ತೆ, ಹತ್ತಿರಕ್ಕೂ ಬರುತ್ತೆ ಅಂತ 2020ರಲ್ಲಿ ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾಲಯದವರು ಪ್ರಯೋಗ ಮಾಡಿ ತೋರಿಸಿದ್ದಾರೆ. ನನ್ನ ಕ್ಲಿನಿಕ್ ಟೇಬಲ್ ಮೇಲೂ ನಾನು ಮೊದಲು ಮಾಡೋದು ಅದನ್ನೇ.

ಒಂದು ವಿಷಯದಲ್ಲಿ ಮಾತ್ರ ಕಾಯಬೇಡಿ. ಪೂರ್ತಿ 24 ಗಂಟೆ ಒಂದು ಕಾಳೂ ಮುಟ್ಟದಿದ್ದರೆ ಶೆಲ್ಟರ್‌ಗೆ ಫೋನ್ ಮಾಡಿ, 48 ಗಂಟೆ ದಾಟಿದರೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ನಾಯಿಯ ಹಾಗೆ ಬೆಕ್ಕು ಉಪವಾಸ ತಡೆಯುವ ಪ್ರಾಣಿಯಲ್ಲ. ಮೈಯ ಕೊಬ್ಬೆಲ್ಲ ಕರಗಿ ಲಿವರ್‌ಗೆ ಸೇರಿಕೊಳ್ಳುತ್ತೆ, ದಪ್ಪ ಬೆಕ್ಕಿಗಂತೂ ಬಹಳ ಬೇಗ. ಇನ್ನೊಂದು, ಗಂಡು ಬೆಕ್ಕು ತಂದಿರುವವರಿಗೆ: ಟ್ರೇಯಲ್ಲಿ ಮತ್ತೆ ಮತ್ತೆ ಕೂತು ತಿಣುಕಿದರೂ ಉಚ್ಚೆ ಬರುತ್ತಿಲ್ಲ ಅಂದರೆ ಅದು ಆ ಗಳಿಗೆಯಲ್ಲೇ ಆಸ್ಪತ್ರೆಗೆ ಓಡಬೇಕಾದ ವಿಷಯ. ಬೆಳಗಾಗಲಿ ಅಂತ ಕೂರಬೇಡಿ.

ಅವರೇ, ಎರಡು ದಿನ ಬಿಟ್ಟು: ಮೇಡಂ, ರಾತ್ರಿ ತಟ್ಟೆ ಖಾಲಿ ಆಗಿತ್ತು. ಟ್ರೇನೂ ಬಳಸಿದೆ. ಬೆಳಗ್ಗೆ ಡಬ್ಬದೊಳಗೆ ಟೀ ಶರ್ಟ್ ಮೇಲೆ ಮಲಗಿತ್ತು.

ಉತ್ತರ: ಆ ಟೀ ಶರ್ಟ್ ಒಗೀಬೇಡಿ!

ಪ್ರಶ್ನೆ (ಹುಬ್ಬಳ್ಳಿ): ಡಾಕ್ಟರ್ರೀ, ನಾವು ಮನ್ಯಾಗ ತತ್ತಿನೂ ತಿನ್ನಂಗಿಲ್ಲ. ನಮ್ಮ ಅಜ್ಜಿ ಕಾಲದಾಗ ಬೆಕ್ಕಿಗೆ ಹಾಲು ಅನ್ನ ಅಷ್ಟ ಹಾಕ್ತಿದ್ರು, ಛಲೋನ ಇತ್ತು. ಶೆಲ್ಟರ್‌ದಾಗಿಂದ ಒಂದು ತರಬೇಕಂತ ಮಾಡೇವಿ. ಹಾಲು ಅನ್ನ ಸಾಕಾಗೂದಿಲ್ಲೇನ್ರಿ?

ಉತ್ತರ: ಸಾಕಾಗೋದಿಲ್ಲ ಸರ್. ಅಜ್ಜಿಯ ಬೆಕ್ಕು ಮನೆಯಲ್ಲಿ ಹಾಲು ಅನ್ನ ತಿಂದು, ಅಟ್ಟದ ಮೇಲೆ ಇಲಿ ಹಿಡಿಯುತ್ತಿತ್ತು. ಅದರ ನಿಜವಾದ ಊಟ ಅಟ್ಟದ ಮೇಲಿತ್ತು. ಫ್ಲಾಟಿನೊಳಗೆ ಇರುವ ಬೆಕ್ಕಿಗೆ ನಾವು ತಟ್ಟೆಗೆ ಹಾಕಿದ್ದೇ ಊಟ. ಟಾರಿನ್ ಅನ್ನೋ ಪೋಷಕಾಂಶ ಮಾಂಸದಲ್ಲಿರುತ್ತೆ, ಅನ್ನ ಬೇಳೆಯಲ್ಲಿ ಇಲ್ಲ, ಹಾಲಿನಲ್ಲಿ ಇರೋದು ಏನೇನೂ ಸಾಲದು. ಬೆಕ್ಕಿನ ದೇಹ ತನಗೆ ಬೇಕಾದಷ್ಟು ಟಾರಿನ್ ತಯಾರಿಸಿಕೊಳ್ಳಲಾರದು. ಅದು ಕಡಿಮೆಯಾದರೆ ಕಣ್ಣು ಹೋಗಬಹುದು, ಹೃದಯ ಊದಿಕೊಳ್ಳಬಹುದು. ಹೃದಯದ ಈ ಕಾಯಿಲೆಗೂ ಟಾರಿನ್‌ಗೂ ಇರುವ ನಂಟು ಕ್ಯಾಲಿಫೋರ್ನಿಯಾದ ಪಶುವೈದ್ಯರಿಗೆ ಗೊತ್ತಾಗಿದ್ದು 1987ರಲ್ಲಿ. ಅಲ್ಲಿಂದ ಈಚೆಗೆ ಬೆಕ್ಕಿನ ಪ್ಯಾಕೆಟ್ ಆಹಾರಕ್ಕೆ ಅದನ್ನು ಮೊದಲಿಗಿಂತ ಹೆಚ್ಚು ಬೆರೆಸುತ್ತಾರೆ. ಇನ್ನು ಹಾಲು ದೊಡ್ಡ ಬೆಕ್ಕುಗಳಲ್ಲಿ ಬಹಳಷ್ಟಕ್ಕೆ ಅರಗುವುದಿಲ್ಲ, ಭೇದಿ ಆಗುತ್ತೆ.

ನಿಮ್ಮ ಮನೆಯ ಆಚಾರಕ್ಕೆ ನನ್ನ ಗೌರವ ಇದೆ. ನೀವು ಮಾಂಸ ಬೇಯಿಸಬೇಕಾಗಿಲ್ಲ. ಬೆಕ್ಕಿಗೆಂದೇ ಮಾಡಿದ ಒಣ ಆಹಾರವನ್ನು ಬೇರೆ ಡಬ್ಬದಲ್ಲಿಟ್ಟು, ಬೇರೆ ಚಮಚದಲ್ಲಿ ಹಾಕಿದರೆ ಆಯ್ತು. ಎಷ್ಟೋ ಸಸ್ಯಾಹಾರಿ ಮನೆಗಳು ಹಾಗೇ ಸಾಕುತ್ತಿವೆ. ಅದೂ ಮನೆಯೊಳಗೆ ಬರುವ ಹಾಗಿಲ್ಲ ಅಂದರೆ, ದಯವಿಟ್ಟು ಬೆಕ್ಕು ತರಬೇಡಿ. ಮೊಲ ಸಾಕಿ. ಬೇಜಾರು ಮಾಡಿಕೊಳ್ಳಬೇಡಿ, ಆ ಬೆಕ್ಕಿನ ಪರವಾಗಿ ಹೇಳುತ್ತಿದ್ದೇನೆ.

ಪ್ರಶ್ನೆ (ದಾವಣಗೆರೆ): ನಾನು 3 ತಿಂಗಳ ಗರ್ಭಿಣಿ. ಎರಡು ವರ್ಷದಿಂದ ಸಾಕಿದ ಬೆಕ್ಕನ್ನು ಶೆಲ್ಟರ್‌ಗೆ ಬಿಟ್ಟು ಬಾ ಅಂತ ಅತ್ತೆ ಹೇಳ್ತಿದಾರೆ. ಮಗುಗೆ ತೊಂದರೆ ಆಗುತ್ತಂತೆ. ನಿಜಾನಾ ಡಾಕ್ಟ್ರೇ?

ಉತ್ತರ: ತಂಗೀ, ಈ ಒಂದು ಭಯದಿಂದ ಶೆಲ್ಟರ್‌ಗೆ ಬಂದ ಬೆಕ್ಕುಗಳನ್ನು ನಾನು ಬಹಳ ನೋಡಿದ್ದೇನೆ. ಮನೆಯಲ್ಲಿ ಮಡಿಲ ಮೇಲೆ ಬೆಳೆದವು, ಗೂಡಿನೊಳಗೆ ಗೋಡೆಗೆ ಮುಖ ಮಾಡಿ ಕೂರುತ್ತವೆ. ಅತ್ತೆಯವರ ಮಾತಿನಲ್ಲಿ ಅರ್ಧ ನಿಜ ಇದೆ, ಅದಕ್ಕೇ ವಿವರವಾಗಿ ಹೇಳುತ್ತೇನೆ, ಅವರಿಗೂ ಓದಿ ಹೇಳಿ.

ಕಾಯಿಲೆಯ ಹೆಸರು ಟಾಕ್ಸೊಪ್ಲಾಸ್ಮೋಸಿಸ್. ಗರ್ಭಿಣಿಗೆ ಮೊದಲ ಸಲ ತಗುಲಿದರೆ ಮಗುವಿಗೆ ಅಪಾಯ ಇರೋದು ನಿಜ. ಆದರೆ ಬೆಕ್ಕಿನಿಂದ ಬರಬೇಕಾದರೆ ಏನೇನಾಗಬೇಕು ನೋಡಿ. ಬೆಕ್ಕು ಇಲಿಯನ್ನೋ ಹಸಿ ಮಾಂಸವನ್ನೋ ತಿಂದು ಸೋಂಕು ಹತ್ತಿಸಿಕೊಂಡಿರಬೇಕು. ಹತ್ತಿದರೂ ಸಾಮಾನ್ಯವಾಗಿ ಜೀವಮಾನದಲ್ಲಿ ಒಮ್ಮೆ, ಒಂದೆರಡು ವಾರ ಮಾತ್ರ ಅದರ ಮಲದಲ್ಲಿ ಆ ಜೀವಿಯ ಮೊಟ್ಟೆಗಳು ಬರುತ್ತವೆ. ಆ ಮಲವೂ ಒಂದರಿಂದ ಐದು ದಿನ ಟ್ರೇಯಲ್ಲೇ ಬಿದ್ದಿದ್ದರೆ ಮಾತ್ರ ಆ ಮೊಟ್ಟೆಗಳಿಗೆ ಸೋಂಕು ಹರಡುವ ಶಕ್ತಿ ಬರೋದು. ಆಮೇಲೆ ಅದು ನಿಮ್ಮ ಬಾಯಿಗೆ ಹೋಗಬೇಕು. ಒಳಗೇ ಇದ್ದು ಪ್ಯಾಕೆಟ್ ಆಹಾರ ತಿನ್ನುವ ಬೆಕ್ಕನ್ನು ಮುದ್ದು ಮಾಡಿದ್ದಕ್ಕೆ ಬರುವಂಥದ್ದಲ್ಲ ಇದು. ಅರೆಬೆಂದ ಮಾಂಸ, ತೊಳೆಯದ ಸೊಪ್ಪು, ತೋಟದ ಮಣ್ಣು, ಇವುಗಳ ಬಗ್ಗೆ ಹೆಚ್ಚು ಎಚ್ಚರ ಬೇಕು.

ಟ್ರೇಯನ್ನು ದಿನಾ ಕ್ಲೀನ್ ಮಾಡಬೇಕು. ಅದನ್ನು ನೀವು ಮಾಡಬೇಡಿ, ನಿಮ್ಮ ಯಜಮಾನರಿಗೆ ಹೇಳಿ, ಹೆರಿಗೆವರೆಗೂ ಅದು ಅವರ ಕೆಲಸ. ನಿಮ್ಮ ಹೆರಿಗೆ ಡಾಕ್ಟರಿಗೂ ಮನೆಯಲ್ಲಿ ಬೆಕ್ಕಿದೆ ಅಂತ ಹೇಳಿ, ರಕ್ತಪರೀಕ್ಷೆ ಬೇಕಾ ಅಂತ ಅವರು ನೋಡುತ್ತಾರೆ. ಬೆಕ್ಕು ಮನೆಯಲ್ಲೇ ಇರಲಿ.

ಪ್ರಶ್ನೆ (ಮಂಗಳೂರು): ಮೇಡಂ, ನಮ್ಮ ಸೌದೆ ಕೊಟ್ಟಿಗೆಯಲ್ಲಿ ಬೀದಿ ಬೆಕ್ಕು ಮೂರು ಮರಿ ಹಾಕಿ ಉಂಟು. ಕಣ್ಣು ಬಿಟ್ಟದ್ದು ಮೊನ್ನೆ. ತಾಯಿ ಹಗಲು ಕಾಣುವುದೇ ಇಲ್ಲ. ಶೆಲ್ಟರಿಗೆ ಕೊಂಡುಹೋಗಿ ಕೊಡುವುದಾ?

ಉತ್ತರ: ಈಗಲೇ ಬೇಡ. ತಾಯಿ ಬಿಟ್ಟುಹೋಗಿಲ್ಲ, ಆಹಾರ ಹುಡುಕಲು ಹೋಗಿರುತ್ತೆ. ನೀವು ಅಲ್ಲೇ ನಿಂತಿದ್ದರೆ ಅದು ಬರುವುದೂ ಇಲ್ಲ. ದೂರದಿಂದ ನೋಡಿ. ಮರಿಗಳು ಬೆಚ್ಚಗೆ, ಹೊಟ್ಟೆ ದುಂಡಗೆ, ಸದ್ದಿಲ್ಲದೆ ಮಲಗಿದ್ದರೆ ತಾಯಿ ಬಂದು ಹಾಲು ಕೊಟ್ಟು ಹೋಗುತ್ತಿದೆ ಅಂತ ಅರ್ಥ. ಮೈ ತಣ್ಣಗಾಗಿ ಬಿಡದೆ ಕಿರುಚುತ್ತಿದ್ದರೆ ಮಾತ್ರ ಎತ್ತಿಕೊಳ್ಳಿ. ಮೊದಲು ಮೈ ಬೆಚ್ಚಗೆ ಮಾಡಿ, ಆಮೇಲೆ ಹಾಲು. ಹಸುವಿನ ಹಾಲಲ್ಲ, ಬೆಕ್ಕಿನ ಮರಿಗೆಂದೇ ಸಿಗುವ ಪುಡಿ.

ಶೆಲ್ಟರ್ ಯಾಕೆ ಬೇಡ ಅಂದೆ ಅಂದರೆ, ಲಸಿಕೆ ಆಗದ ಪುಟ್ಟ ಮರಿಗೆ ಅದಕ್ಕಿಂತ ಅಪಾಯದ ಜಾಗ ಇನ್ನೊಂದಿಲ್ಲ. ಬೇಸಿಗೆಯಲ್ಲಿ ಒಂದು ಬೆಳಗ್ಗೆ ನಮ್ಮ ಗೇಟಿನ ಹೊರಗೆ ಯಾರೋ ಬಿಸ್ಕತ್ತಿನ ರಟ್ಟಿನ ಡಬ್ಬದಲ್ಲಿ ಐದು ಮರಿ ಇಟ್ಟು ಹೋಗಿದ್ದರು. ಮೇಲೆ ಒಂದು ಟವೆಲ್, ಒಂದು ಪ್ಯಾಕೆಟ್ ಹಾಲು. ಒಳ್ಳೇ ಮನಸ್ಸಿನವರೇ. ಪ್ಯಾನ್‌ಲ್ಯುಕೊಪೀನಿಯಾ ಅಂತ ಒಂದು ವೈರಸ್ ಕಾಯಿಲೆ ಇದೆ, ವಾಂತಿ ಭೇದಿ ಮಾಡಿಸಿ ಮರಿಗಳನ್ನು ಒಂದೆರಡು ದಿನದಲ್ಲಿ ಮುಗಿಸಿಬಿಡುತ್ತೆ. ಆ ವೈರಸ್ ನೆಲ ಗೋಡೆಗಳಲ್ಲಿ ಒಂದು ವರ್ಷದವರೆಗೂ ಬದುಕಬಲ್ಲದು, ಬ್ಲೀಚ್‌ನಂಥದ್ದು ಹಾಕದೆ ಸಾಯದು. ಒಂದು ವಾರದೊಳಗೆ ಐದರಲ್ಲಿ ನಾಲ್ಕು ಹೋದವು. ನಾಲ್ಕನೆಯದಕ್ಕೆ ರಾತ್ರಿಯಿಡೀ ಡ್ರಿಪ್ ಹಾಕಿ ಕೂತಿದ್ದೆ. ಅದರ ಕಾಲು ನನ್ನ ಹೆಬ್ಬೆರಳಿಗಿಂತ ತೆಳ್ಳಗಿತ್ತು, ಸೂಜಿ ಹಾಕಲು ರಕ್ತನಾಳವೇ ಸಿಗುತ್ತಿರಲಿಲ್ಲ.

ನಿಮ್ಮ ಕೊಟ್ಟಿಗೆಯಲ್ಲಿ ತಾಯಿಗೆ ದಿನಾ ಊಟ ನೀರು ಇಡಿ. ಮರಿಗಳಿಗೆ ಎಂಟು ವಾರ ಆಗಲಿ, ಅಷ್ಟೊತ್ತಿಗೆ ಮುಕ್ಕಾಲು ಕಿಲೋ ಮೇಲೆ ತೂಗುತ್ತವೆ. ಆಗ ಮೊದಲ ಲಸಿಕೆ ಹಾಕಿಸಿ, ನಿಮ್ಮ ಮನೆಯಿಂದಲೇ ದತ್ತು ಕೊಡಬಹುದು, ಫೋಟೋ ಹಾಕಲು ನಾನೂ ಸಹಾಯ ಮಾಡುತ್ತೇನೆ. ಆದರೆ ಮರಿಗಳಿಗಿಂತ ಮುಖ್ಯ ಆ ತಾಯಿ. ಮರಿ ಹಾಲು ಬಿಡುತ್ತಿದ್ದ ಹಾಗೆ, ಕೆಲವೊಮ್ಮೆ ಅದಕ್ಕೂ ಮೊದಲೇ, ಮತ್ತೆ ಬೆದೆಗೆ ಬರುತ್ತೆ. ಅಲ್ಲಿಂದ ಸುಮಾರು 65 ದಿನಕ್ಕೆ ಮತ್ತೆ ಮರಿ. ಈ ಮೂರರಲ್ಲಿ ಹೆಣ್ಣಿದ್ದರೆ ಅದೂ ನಾಲ್ಕೈದು ತಿಂಗಳಿಗೇ ಬೆದೆಗೆ ಬಂದೀತು. ಬೋನಿಟ್ಟು ತಾಯಿಯನ್ನು ಹಿಡಿದು, ಮತ್ತೆ ಮರಿ ಆಗದ ಹಾಗೆ ಆಪರೇಷನ್ ಮಾಡಿಸಿ. ಗುರುತಿಗೆ ಕಿವಿಯ ತುದಿ ಸ್ವಲ್ಪ ಕತ್ತರಿಸುತ್ತಾರೆ, ಅರಿವಳಿಕೆಯಲ್ಲಿರುವುದರಿಂದ ನೋವು ಗೊತ್ತಾಗದು. ಗುಣವಾದ ಮೇಲೆ ತಂದು ಅದೇ ಕೊಟ್ಟಿಗೆಗೆ ಬಿಡಿ. ಮುಂದಿನ ಬೇಸಿಗೆಗೆ ನಮ್ಮ ಗೇಟಿನ ಮುಂದೆ ಒಂದು ಡಬ್ಬ ಕಡಿಮೆಯಾಗುತ್ತೆ.

ಪ್ರಶ್ನೆ (ಬೆಂಗಳೂರು): ಒಂದು ಬೀದಿ ಬೆಕ್ಕು ಕೊಡೋದಕ್ಕೆ ಇಷ್ಟೊಂದು ವಿಚಾರಣೆ ಯಾಕೆ? ಮನೆ ನೋಡಬೇಕಂತೆ, ಬಾಲ್ಕನಿಗೆ ಮೆಶ್ ಹಾಕಿಸಬೇಕಂತೆ, ಓನರ್ ಒಪ್ಪಿಗೆ ಪತ್ರವಂತೆ, ಮೇಲೆ ದುಡ್ಡು ಬೇರೆ. ನಾನೇನು ಹೆಣ್ಣು ಕೇಳೋಕೆ ಹೋಗಿದ್ನಾ?

ಉತ್ತರ: ನಿಮ್ಮ ಬೇಸರ ಅರ್ಥವಾಗುತ್ತೆ ಸರ್. ಮೆಶ್ ವಿಷಯ ಮಾತ್ರ ನಾನು ಬಿಟ್ಟುಕೊಡಲ್ಲ. ಬೆಕ್ಕು ಎಲ್ಲಿಂದ ಬಿದ್ದರೂ ಕಾಲ ಮೇಲೆ ನಿಲ್ಲುತ್ತೆ ಅಂತ ಎಲ್ಲರೂ ನಂಬಿದ್ದಾರೆ. ಪಾರಿವಾಳದ ಹಿಂದೆ ಹಾರಿದ ಬೆಕ್ಕಿನ ಒಡೆದ ದವಡೆಗೆ ತಂತಿ ಕಟ್ಟಿ ಕೂರಿಸೋದು ನಾನು. ನ್ಯೂಯಾರ್ಕಿನ ಒಂದೇ ಆಸ್ಪತ್ರೆಗೆ 5 ತಿಂಗಳಲ್ಲಿ ಹೀಗೆ ಮಹಡಿಯಿಂದ ಬಿದ್ದ 132 ಬೆಕ್ಕುಗಳು ಬಂದಿದ್ದವು ಅಂತ 1987ರ ಒಂದು ವರದಿಯಲ್ಲಿದೆ. ಪಾರಿವಾಳ ತಡೆಯುವ ನೈಲಾನ್ ಬಲೆಯನ್ನು ಬೆಕ್ಕು ಕಚ್ಚಿ ಹರಿಯುತ್ತೆ, ಗಟ್ಟಿ ತಂತಿಯ ಜಾಲರಿಯೇ ಬೇಕು. ದುಡ್ಡಿನ ಬಗ್ಗೆ ಹೇಳೋದಾದರೆ, ನಿಮ್ಮ ಕೈಗೆ ಬರುವಾಗ ಆ ಬೆಕ್ಕಿಗೆ ಆಪರೇಷನ್, ಲಸಿಕೆ, ಜಂತುಹುಳದ ಔಷಧಿ ಎಲ್ಲ ಆಗಿರುತ್ತೆ. ಹೊರಗೆ ಮಾಡಿಸಿದರೆ ಎಷ್ಟಾಗುತ್ತೆ ಅಂತ ಒಮ್ಮೆ ವಿಚಾರಿಸಿ.

ಓನರ್ ಪತ್ರದ ವಿಷಯದಲ್ಲಿ ನಾನು ಅರ್ಧ ನಿಮ್ಮ ಕಡೆಗಿದ್ದೇನೆ. ಬಾಡಿಗೆಯವರು, ಒಂಟಿ ಹುಡುಗರು ಅಂದ ಕೂಡಲೇ ಇಲ್ಲ ಅನ್ನುವ ಶೆಲ್ಟರ್‌ಗಳಿವೆ. ಅದು ತಪ್ಪು ಅಂತ ನಮ್ಮವರಿಗೇ ಜಗಳವಾಡಿ ಹೇಳಿದ್ದೇನೆ. ಆದರೆ ಓನರಿಗೆ ಗೊತ್ತಿಲ್ಲದೆ ತಂದು, ಗೊತ್ತಾದ ದಿನ ರಾತ್ರೋರಾತ್ರಿ ಬೀದಿಗೆ ಬಿಟ್ಟವರೂ ಇದ್ದಾರೆ. ಸಾಕಿದ ಪ್ರಾಣಿಯನ್ನು ಹಸಿವು ಬಾಯಾರಿಕೆಗೆ ಬಿಟ್ಟುಹೋಗೋದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧ. ಬಾಡಿಗೆ ಕರಾರಿನಲ್ಲಿ ಬೆಕ್ಕಿನ ಬಗ್ಗೆ ಒಂದು ಸಾಲು ಬರೆಸಿಕೊಳ್ಳಿ, ಅಷ್ಟೇ ಸಾಕು.

ಅದಕ್ಕೆ ಇನ್ನೊಬ್ಬರು (ತುಮಕೂರು): ಬೆಕ್ಕು ಬರೋ ಮೊದಲು ಮನೆ ಫಿನಾಯಿಲ್ ಹಾಕಿ ಒರೆಸಿಡಲಾ ಮೇಡಂ?

ಉತ್ತರ: ಬೇಡವೇ ಬೇಡ. ಆ ಜಾತಿಯ ರಾಸಾಯನಿಕವನ್ನು ಬೆಕ್ಕಿನ ಲಿವರ್ ಹೊರಹಾಕಲಾರದು. ಒದ್ದೆ ನೆಲದ ಮೇಲೆ ನಡೆದು ಪಾದ ನೆಕ್ಕಿದರೆ ಒಳಗೆ ಹೋಯಿತು. ಸೋಪಿನ ನೀರು ಸಾಕು. ಹಾಗೇ, ಜ್ವರ ಅಂತ ಪ್ಯಾರಾಸಿಟಮಾಲ್ ಕೊಡಬೇಡಿ, ಒಂದೇ ಮಾತ್ರೆಗೆ ಬೆಕ್ಕು ಸಾಯಬಹುದು. ನಾಯಿಗೆ ಹಚ್ಚುವ ಉಣ್ಣೆ ಔಷಧಿಯನ್ನೂ ಹಚ್ಚಬೇಡಿ.

ಪ್ರಶ್ನೆ (ಬೆಂಗಳೂರು): ನಾವಿಬ್ಬರೂ ರಿಟೈರ್ ಆದವರು. ಶನಿವಾರ ನಿಮ್ಮ ಶೆಲ್ಟರ್‌ಗೇ ಬರೋಣ ಅಂತಿದೀವಿ. ಯಾವುದು ತಗೊಳ್ಳಲಿ ಅಂತ ನೀವೇ ಹೇಳಿ. ಒಂದು ಮುದ್ದು ಮರಿ ಇದ್ರೆ ಸಾಕು.

ಉತ್ತರ: ಸರ್, ಮರಿಗಳಿಗೆ ಜನ ತಾವಾಗಿ ಬರುತ್ತಾರೆ. ಮರಿ ಎರಡು ವರ್ಷ ಪರದೆ ಹತ್ತುತ್ತೆ, ರಾತ್ರಿ ಮೂರಕ್ಕೆ ಕಾಲ್ಬೆರಳು ಕಚ್ಚುತ್ತೆ. ಮುಂದೆ 15 ವರ್ಷ ಬದುಕುತ್ತೆ, ಅದನ್ನೂ ಯೋಚಿಸಿ. ದೊಡ್ಡ ಬೆಕ್ಕಿನ ಸ್ವಭಾವ ಏನು ಅಂತ ನಾನು ನಿಮಗೆ ಈಗಲೇ ಹೇಳಬಲ್ಲೆ. ಒಳಗೆ ಬಂದು ಎಡಗಡೆ ಕೊನೆಯ ಗೂಡು ನೋಡಿ. ಕಪ್ಪು ಹೆಣ್ಣು, ಕಿವಿಯ ತುದಿ ಕತ್ತರಿಸಿದೆ, ಸುಮಾರು 7 ವರ್ಷ. ಸಾಕಿದ್ದ ಅಜ್ಜಿ ತೀರಿಕೊಂಡ ಮೇಲೆ ಬಂತು. ಎರಡು ವರ್ಷದಿಂದ ಎಷ್ಟೋ ಜನ ಬಂದಿದ್ದಾರೆ, ಕರೀ ಬೆಕ್ಕು ಅಂತ ಮುಂದೆ ಹೋಗಿದ್ದಾರೆ. ನೀವು ಮುಂದೆ ನಿಂತರೆ ಡಬ್ಬದೊಳಗಿಂದ ಅದು ಈಚೆ ಬರೋದಿಲ್ಲ. ಎಲ್ಲರೂ ಹೋದ ಮೇಲೆ ನಾನು ಕೇಸ್ ಶೀಟ್ ಬರೆಯುತ್ತಾ ಕೂತಿರುವಾಗ ಗೂಡಿನ ಬಾಗಿಲು ತೆಗೆದಿಟ್ಟರೆ, ಬಂದು ಕಾಗದದ ಮೇಲೇ ಮಲಗುತ್ತೆ. ಪೆನ್ನು ಎಳೆಯಲು ಬಿಡೋದಿಲ್ಲ.

ಮೂರು ಗಂಟೆಗೆ ಬನ್ನಿ, ಗದ್ದಲ ಇರೋಲ್ಲ. ಒಂದು ಸ್ಟೂಲ್ ಹಾಕಿಸಿರುತ್ತೇನೆ. ಅರ್ಧ ಗಂಟೆ ಸುಮ್ಮನೆ ಕೂತು ಪೇಪರ್ ಓದಿ.