ಡೇರೆ ಹೂವಿನ ಗುಲಾಬಿ ಬಣ್ಣ ಒಂದೇ ವರ್ಷಕ್ಕೆ ಮಾಸಿತು, ಏನು ಮಾಡಲಿ?

ಹಂಚಿನಮನೆ:
ನಮ್ಮದು ಸಾಗರದ ಹತ್ತಿರ ಒಂದು ಹಳ್ಳಿ. ಅಜ್ಜನ ಕಾಲದ ಹಂಚಿನ ಮನೆ. ಮರದ ಮುಂಡಿಗೆಗಳ ಉದ್ದ ಜಗಲಿ, ಮುಂದೆ ಅಂಗಳ, ಅಂಗಳದ ಅಂಚಿಗೆ ಅಮ್ಮನ ಡೇರೆ (ಡೇಲಿಯಾ) ಗಿಡಗಳು. ನಮ್ಮ ಕಡೆ ಹೆಂಗಸರ ಡೇರೆ ಹುಚ್ಚು ಗೊತ್ತಲ್ವಾ? ನೆಂಟರ ಮನೆಗೆ ಹೋದರೆ ಒಂದು ಗೆಡ್ಡೆಯಾದರೂ ಕಟ್ಟಿಸಿಕೊಳ್ಳದೆ ಹೊರಡುವುದಿಲ್ಲ.

ನಾನು ವಾಟರ್‌ಕಲರ್ ಮಾಡುತ್ತೇನೆ, ಸುಮ್ನೆ ನೋಡಿ ಕಲಿತದ್ದು. ಹೋದ ಶ್ರಾವಣದಲ್ಲಿ ಮನೆ, ಹೂವು ಎರಡನ್ನೂ ಒಂದೇ ಚಿತ್ರದಲ್ಲಿ ಬಿಡಿಸಿದೆ. ಜಡಿಮಳೆ, ಪೇಪರ್ ಒಣಗಲೇ ಇಲ್ಲ. ಬಚ್ಚಲ ಒಲೆ ಪಕ್ಕ ಇಟ್ಟೆ, ಸುಟ್ಟ ಹಪ್ಪಳದ ಹಾಗೆ ಸೊಟ್ಟಗಾಯಿತು. ಅದು ಹೋಗಲಿ. ಫ್ರೇಮ್ ಹಾಕಿಸಿ ಕಿಟಕಿ ಎದುರು ತೂಗುಹಾಕಿದ್ದೆ. ಈಗ ನೋಡಿದರೆ ಡೇರೆಯ ಗುಲಾಬಿ ಬಣ್ಣ ಹೆಚ್ಚುಕಡಿಮೆ ಹೊರಟೇ ಹೋಗಿದೆ. ಹಂಚಿನ ಕೆಂಪು ಮಾತ್ರ ಹಾಗೇ ಇದೆ! "ಇದು ನಮ್ಮನೆ ಹೂವಲ್ಲ" ಅಂದಳು ಅಮ್ಮ.

ಬರುವ ಬೇಸಿಗೆಯಲ್ಲಿ ಅಣ್ಣ ಹಂಚು ಇಳಿಸಿ ಆರ್‌ಸಿಸಿ ಹಾಕಿಸುತ್ತಾನಂತೆ. ಹಂಚು, ಡೇರೆ ಒಟ್ಟಿಗೆ ಸಿಗುವುದು ಇದೊಂದೇ ಮಳೆಗಾಲ. ಯಾವ ಬಣ್ಣ ತಗೊಳ್ಳಲಿ? ಇನ್ನೊಂದು ಕಷ್ಟ ಏನೆಂದರೆ, ಹೂವು ಚೆನ್ನಾಗಿ ಬಂದರೆ ಅದರ ಹಿಂದಿನ ಮನೆ ಕ್ಯಾಲೆಂಡರ್ ಚಿತ್ರದ ಹಾಗೆ ಕಾಣುತ್ತದೆ.

ಬಣ್ಣದಡಬ್ಬಿ:
ಟ್ಯೂಬಿನ ಮೇಲೆ ಸಣ್ಣ ಅಕ್ಷರದಲ್ಲಿ ಒಳಗಿನ ಬಣ್ಣ ಯಾವುದು ಅಂತ ಹೇಳುವ ಒಂದು ಕೋಡ್ ಇರುತ್ತದೆ, ಓದಿ ನೋಡಿ. ಪಿಆರ್ 83 ಅಂತ ಇದ್ದರೆ ಅದು ಅಲಿಜರಿನ್ ಕ್ರಿಮ್ಸನ್. ತೆಳ್ಳಗೆ ಹಚ್ಚಿದರೆ ಬೆಳಕಿಗೆ ಮಾಸುತ್ತದೆ. ಕಣ್ಣು ಕುಕ್ಕುವ ಒಪೇರಾ ಗುಲಾಬಿಯಂತೂ ಬೇಡವೇ ಬೇಡ. ಪಿವಿ 19 ಕೋಡಿನ ಕ್ವಿನಾಕ್ರಿಡೋನ್ ರೋಸ್ ಹುಡುಕಿ, ಅದು ತಡೆಯುತ್ತದೆ. ಹಂಚಿಗೆ ನೀವು ಬರ್ಂಟ್ ಸಿಯೆನ್ನಾ ಹಚ್ಚಿರಬೇಕು. ಅದರ ಕೆಂಪು ಕಬ್ಬಿಣದ್ದು, ಹಂಚಿನ ಕೆಂಪೂ ಕಬ್ಬಿಣದ್ದೇ. ಮಾಸುವ ಜಾತಿಯಲ್ಲ.

ಪೇಪರ್ ದಪ್ಪದ್ದು, 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ), ಕಾಟನ್‌ದು. ನಾಲ್ಕೂ ಕಡೆ ಹಲಗೆಗೆ ಟೇಪ್ ಹಾಕಿ. ಒಲೆ ಪಕ್ಕ ಬೇಡ ಮಾರಾಯ್ರೆ, ಹೇರ್ ಡ್ರೈಯರ್ ಸಾಕು.

ಹಂಚಿನಮನೆ:
ಹಿಂಡಿ ಮುರುಟಿದ ಟ್ಯೂಬನ್ನು ಬಿಡಿಸಿ ಓದಿದೆ. ಪಿಆರ್ 83!

ಅಡಿಕೆಚಪ್ಪರ:
ನಾನು ಇಪ್ಪತ್ತು ವರ್ಷದಿಂದ ಹಳೇ ಮನೆಗಳನ್ನೇ ಬಿಡಿಸುತ್ತಿದ್ದೇನೆ. ಕ್ಯಾಲೆಂಡರ್ ಆಗುವುದು ಯಾಕೆ ಗೊತ್ತಾ? ಜಗಲಿಯ ಒಳಗಿನ ಕತ್ತಲೆಗೆ ನೀವು ಹೆದರುತ್ತೀರಿ. ಮುಂಡಿಗೆ, ಬಾಗಿಲು, ಗೋಡೆಯ ದೇವರ ಫೋಟೋ, ಎಲ್ಲಾ ಕಾಣಬೇಕು ಅಂತ ಬಿಡಿಸಿರುತ್ತೀರಿ. ಬೇಡ. ಅಲ್ಟ್ರಾಮರೀನ್ ನೀಲಿ, ಬರ್ಂಟ್ ಸಿಯೆನ್ನಾ ಕಲಸಿ ಜಗಲಿಯನ್ನು ಒಂದೇ ಸಲಕ್ಕೆ ಕಪ್ಪಗೆ ತುಂಬಿಬಿಡಿ. ಮಳೆಗಾಲದ ಮಧ್ಯಾಹ್ನ ಅಂಗಳದಿಂದ ನೋಡಿದರೆ ಅಲ್ಲಿ ಏನು ಕಾಣುತ್ತದೆ ಹೇಳಿ? ಆ ಕತ್ತಲೆ ಇದ್ದರೇ ಡೇರೆ ಎದ್ದು ಬರುವುದು.

ಹಂಚು ಎಣಿಸಬೇಡಿ. ಸೂರಿನ ಕೆಳಗಿನ ಎರಡು ಸಾಲು ಬಿಡಿಸಿ, ಮೇಲಿನದಕ್ಕೆ ಹಾವಸೆಯ ಹಸಿರು ಹರಿಯಬಿಡಿ. ಸೂರಿನ ನೀರು ಬಿದ್ದು ಅಂಗಳದಲ್ಲಿ ಸಾಲಾಗಿ ಗುಳಿ ಆಗಿರುತ್ತದಲ್ಲ, ಅದನ್ನು ಮಾತ್ರ ಬಿಡಬೇಡಿ. ಡೇರೆಯೂ ನೆಟ್ಟಗೆ ನಿಂತಿರಬಾರದು. ಮಳೆ ನೀರು ಕುಡಿದು ತಲೆ ತೂಗಿಸಿ ಗೂಟಕ್ಕೆ ಒರಗಿರುತ್ತದೆ, ಹಾಗೇ ಇರಲಿ.

ಹಂಚು ಇಳಿಸುವಾಗ ಒಂದೆರಡು ತೆಗೆದಿಡಿ. ಮಂಗಳೂರಿನಲ್ಲಿ ಬಾಸೆಲ್ ಮಿಷನ್ ಅನ್ನುವ ಕ್ರೈಸ್ತ ಮಿಷನರಿ ಸಂಸ್ಥೆಯವರು ಹಂಚಿನ ಕಾರ್ಖಾನೆ ಹಾಕಿದ್ದು 1865ರಲ್ಲಿ. ಹಳೇ ಹಂಚುಗಳ ಮೇಲೆ ಕಾರ್ಖಾನೆ ಹೆಸರಿನ ಅಚ್ಚು ಇರುತ್ತದೆ, ತಿರುಗಿಸಿ ನೋಡಿ.

ಪುಂಡಿನಾರು:
ನಮ್ಮ ಅಜ್ಜಿ ಗೋಡೆಗೆ ಹಸೆ ಚಿತ್ತಾರ ಬರೆಯುತ್ತಿದ್ದಳು. ಅಕ್ಕಿ ಹಿಟ್ಟಿನ ಬಿಳಿ, ಸುಟ್ಟ ಅಕ್ಕಿಯ ಕಪ್ಪು, ಕೆಮ್ಮಣ್ಣು, ಪುಂಡಿ ನಾರಿನ ಕುಂಚ. ಅಂಗಡಿಗೆ ಹೋದವಳಲ್ಲ. ನಿಮ್ಮ ದರೆಯ ಕೆಮ್ಮಣ್ಣನ್ನೇ ನುಣ್ಣಗೆ ಅರೆದು, ಬಟ್ಟೆಯಲ್ಲಿ ಸೋಸಿ, ಗಮ್ ಅರೇಬಿಕ್ ಅನ್ನುವ ಮರದ ಅಂಟು ಕಲಸಿ ಚಿತ್ರದ ಹಂಚಿಗೆ ಹಚ್ಚಿ ನೋಡಿ. ವಾಟರ್‌ಕಲರ್‌ನಲ್ಲೂ ಇರುವುದು ಅದೇ ಅಂಟು.

ಹಂಚಿನಮನೆ:
ದರೆಯ ಮಣ್ಣು ಅರೆದಾಯಿತು. ಅಮ್ಮನ ಮಸಾಲೆ ಕಲ್ಲಿನಲ್ಲಿ ಅರೆದದ್ದಕ್ಕೆ ಬೈಸಿಕೊಂಡೂ ಆಯಿತು. ಜಗಲಿ ಕಪ್ಪು ಮಾಡಿದೆ, ಹೌದು, ಹೂವು ಎದ್ದು ಬಂತು. ಈಗ ಗೂಟದ್ದೇ ಜಗಳ. ಅದು ಹಳೇ ಕೊಡೆಯ ಕೋಲು, ಹಿಡಿ ಇನ್ನೂ ಹಾಗೇ ಇದೆ. "ಮಾನ ಹೋಗುತ್ತದೆ, ಅದನ್ನು ಬಿಡಿಸಬೇಡ" ಅನ್ನುತ್ತಿದ್ದಾಳೆ ಅಮ್ಮ. ನಾನು ಬಿಡಿಸಿಬಿಟ್ಟಿದ್ದೇನೆ.