ಪಿಕಪ್ಪಿನ ಇಂಟರ್‌ಕೂಲರ್‌ಗೆ ಗುಜರಿ ಸಾಮಾನಿನಲ್ಲಿ ನೀರಿನ ಸ್ಪ್ರೇ ಮಾಡಬಹುದಾ?

ಪ್ರಶ್ನೆ (ಬಳ್ಳಾರಿ):
ಅಣ್ಣಾ, ನಮಸ್ಕಾರ. ನನ್ನದು ಟರ್ಬೊ ಡೀಸೆಲ್ ಪಿಕಪ್. ಜೀನ್ಸ್ ಬಂಡಲ್ ತುಂಬಿಕೊಂಡು ತೋರಣಗಲ್ಲು, ಸಂಡೂರು ಕಡೆ ಆಗಾಗ ಹೋಗುತ್ತೇನೆ. ಬೆಳಿಗ್ಗೆ ಗಾಡಿ ಚೆನ್ನಾಗಿ ಎಳೆಯುತ್ತದೆ. ಮಧ್ಯಾಹ್ನ ಬಿಸಿಲು 40 ಡಿಗ್ರಿ ದಾಟಿದರೆ ಏರಿನಲ್ಲಿ ಉಸಿರು ಕಟ್ಟಿದ ಹಾಗೆ ಆಡುತ್ತದೆ. ಟೆಂಪರೇಚರ್ ಮುಳ್ಳು ಮಾತ್ರ ಸರಿಯಾಗೇ ಇದೆ. ಇಂಟರ್‌ಕೂಲರ್ ಮೇಲೆ ನೀರು ಹೊಡೆಯುವ ಸ್ಪ್ರೇ ಮಾಡಿಕೋ ಅಂತ ಸ್ನೇಹಿತ ಹೇಳಿದ. ಮುಂದಿನ ಗಾಜಿಗೆ ನೀರು ಚಿಮ್ಮಿಸುವ ವಾಷರ್ ಮೋಟರನ್ನು ಗುಜರಿಯಿಂದ ತಂದರೆ ಸಾವಿರ ರೂಪಾಯಿ ಒಳಗೆ ಆಗುತ್ತದಾ?

ಉತ್ತರ (ಮೆಕ್ಯಾನಿಕ್):
ಆಗುತ್ತದೆ ತಮ್ಮ. ಇದೇನೂ ಹುಚ್ಚು ಐಡಿಯಾ ಅಲ್ಲ. ಸುಬಾರು ಇಂಪ್ರೆಝಾ ಎಸ್‌ಟಿಐ, ಮಿತ್ಸುಬಿಷಿ ಲ್ಯಾನ್ಸರ್ ಇವೊ ಕಾರುಗಳಲ್ಲಿ ಕಂಪನಿಯವರೇ ಇಂಥ ಸ್ಪ್ರೇ ಕೊಟ್ಟಿದ್ದರು.

ಎಂಜಿನ್ನಿಗೆ ಹೆಚ್ಚು ಗಾಳಿ ತುಂಬಲು ಟರ್ಬೊ ಗಾಳಿಯನ್ನು ಒತ್ತಿದಾಗ ಅದು ಕಾಯುತ್ತದೆ. ಆ ಗಾಳಿಯನ್ನು ಎಂಜಿನ್ನಿಗೆ ಹೋಗುವ ಮೊದಲು ತಣಿಸುವ, ರೇಡಿಯೇಟರಿನ ಹಾಗೆ ತೆಳು ರೆಕ್ಕೆಗಳಿರುವ ಭಾಗವೇ ಇಂಟರ್‌ಕೂಲರ್. ಕಾದ ಗಾಳಿ ತೆಳು. ಒತ್ತಡ ಅಷ್ಟೇ ಇದ್ದು 70 ಡಿಗ್ರಿಯ ಗಾಳಿಯನ್ನು 50ಕ್ಕೆ ಇಳಿಸಿದರೆ ಸುಮಾರು ಶೇಕಡ 6ರಷ್ಟು ಜಾಸ್ತಿ ಗಾಳಿ ಎಂಜಿನ್ನಿಗೆ ಸಿಗುತ್ತದೆ. ಇಂಟರ್‌ಕೂಲರ್ ಮೇಲೆ ಸ್ಪ್ರೇ ಹೊಡೆದಾಗ ತಂಪು ಮಾಡುವುದು ನೀರು ಆರುವ ಕ್ರಿಯೆ. ಹರವಿಯ ನೀರು ತಣ್ಣಗಾಗುವುದೂ ಹೀಗೇ ಅಲ್ವಾ? ನಮ್ಮ ಬೇಸಿಗೆ ಒಣ ಬಿಸಿಲು, ಹಾಗಾಗಿ ನೀರು ಬೇಗ ಆರುತ್ತದೆ. ಕರಾವಳಿಯಲ್ಲಿ ಇಷ್ಟು ಲಾಭ ಇರುವುದಿಲ್ಲ.

ಆದರೆ ಮೊದಲು ಬಾನೆಟ್ ಎತ್ತಿ ಇಂಟರ್‌ಕೂಲರ್ ನೋಡು. ಆ ರಸ್ತೆಯಲ್ಲಿ ಅದಿರಿನ ಲಾರಿಗಳ ಹಿಂದೆ ಓಡುವ ಗಾಡಿ ನಿನ್ನದು. ಕೆಂಪು ದೂಳು ರೆಕ್ಕೆಗಳ ಸಂದಿಯಲ್ಲಿ ಎಣ್ಣೆ ಜಿಡ್ಡಿನ ಜೊತೆ ಸೇರಿ ಗಾರೆಯ ಹಾಗೆ ಕೂತಿರುತ್ತದೆ. ಅದರ ಮೇಲೆ ನೀರು ಬಿಟ್ಟರೆ ಕೆಸರು ಆಗಿ ಗಾಳಿಯ ದಾರಿ ಇನ್ನಷ್ಟು ಮುಚ್ಚುತ್ತದೆ. ಶಾಂಪೂ ನೀರು, ಮೆತ್ತನೆ ಬ್ರಷ್, ಸಾದಾ ಪೈಪಿನ ನೀರು ಸಾಕು. ಪ್ರೆಶರ್ ಗನ್ ಹತ್ತಿರ ಹಿಡಿಯಬೇಡ, ರೆಕ್ಕೆ ಮಡಚಿಕೊಳ್ಳುತ್ತವೆ. ಟರ್ಬೊ ಪೈಪಿನ ಕ್ಲಿಪ್ಪುಗಳನ್ನೂ ನೋಡು. ಎಳೆಯುವಾಗ ಕಪ್ಪು ಹೊಗೆ, ಜೊತೆಗೆ ಸುಯ್ ಅನ್ನುವ ಸದ್ದು ಇದ್ದರೆ ಪೈಪು ಸೋರುತ್ತಿರಬಹುದು. ಅದಕ್ಕೆ ಸ್ಪ್ರೇ ಮದ್ದಲ್ಲ.

ಪ್ರಶ್ನೆ ಕೇಳಿದವರು:
ಅಣ್ಣಾ, ಭಾನುವಾರ ತೊಳೆದೆ. ಬಕೆಟ್ ತುಂಬ ಕೆಂಪು ನೀರು ಬಂತು! ಒಂದು ಕ್ಲಿಪ್ಪೂ ಸಡಿಲ ಇತ್ತು, ಬಿಗಿ ಮಾಡಿದೆ. ಗಾಡಿ ಈಗ ಎಷ್ಟೋ ವಾಸಿ. ಆದರೂ ಮಧ್ಯಾಹ್ನ ಲೋಡ್ ಇದ್ದಾಗ ಸ್ವಲ್ಪ ಮಂಕು. ಸ್ಪ್ರೇ ಮಾಡಲೇಬೇಕು ಅಂತ ಆಸೆ.

ಉತ್ತರ:
ಖುಷಿ ಆಯ್ತು. ಹಾಗಾದರೆ ಮಾಡೋಣ. ಗುಜರಿಯಲ್ಲಿ ವಾಷರ್ ಬಾಟಲಿ, ಮೋಟರು, ಅವೆರಡರ ನಡುವಿನ ರಬ್ಬರ್ ಬುಷ್ ಮೂರನ್ನೂ ಒಂದೇ ಕಾರಿನಿಂದ ಬಿಚ್ಚಿಸು. ಬುಷ್ ಬೇರೆಯಾದರೆ ಜೀವನವಿಡೀ ಸೋರುತ್ತದೆ. ಮೋಟರಿನ ನೀರು ಎಳೆಯುವ ತುದಿಯನ್ನು ಅಲ್ಲೇ ನೀರಿನಲ್ಲಿಟ್ಟು 12 ವೋಲ್ಟ್ ಬ್ಯಾಟರಿ ಕೊಡು, ನೀರು ಹೊರಬರುವ ಬಾಯಿಗೆ ಬೆರಳು ಒತ್ತಿ ನೋಡು. ಬೆರಳನ್ನು ದೂಡಿಕೊಂಡು ನೀರು ಚಿಮ್ಮಬೇಕು. ನೀರಿಲ್ಲದೆ ಓಡಿಸಬೇಡ, ಸುಟ್ಟುಹೋಗುತ್ತದೆ. ಹಿಂದೆಯೂ ವೈಪರ್ ಇರುವ ಕೆಲವು ಕಾರುಗಳ ಮೋಟರಿಗೆ ಎರಡು ಬಾಯಿ. ವೈರ್ ಅದಲು ಬದಲು ಮಾಡಿದರೆ ನೀರು ಇನ್ನೊಂದು ಬಾಯಿಂದ ಬರುತ್ತದೆ. ಕೆಟ್ಟಿದೆ ಅಂತ ಎಸೆಯಬೇಡ.

ನಾಝಲ್ ಆರಿಸುವುದರಲ್ಲೇ ಇದರ ಜೀವ ಇದೆ. ಸಾದಾ ಬಾನೆಟ್ ಜೆಟ್ ಪಿಚಕಾರಿ ಹಾಗೆ ಒಂದು ಗೆರೆ ಬಿಡುತ್ತದೆ, ಒಂದೇ ಜಾಗ ನೆನೆದು ನೀರು ಕೆಳಗೆ ಸುರಿಯುತ್ತದೆ. ಬೀಸಣಿಗೆ ಹಾಗೆ ಹರಡುವ ಜೆಟ್ ಹುಡುಕು. ಒಂದು ಗೇಣು ದೂರದಲ್ಲಿ ರಟ್ಟು ಹಿಡಿದು ಹೊಡೆ. ರಟ್ಟಿನ ಮೇಲೆ ಸಣ್ಣ ಹನಿ ಸಮವಾಗಿ ಬಿದ್ದರೆ ಅದೇ ಬೇಕಾದದ್ದು.

ವೈರಿಂಗಿಗೆ ಒಂದು ರಿಲೇ ಬೇಕು, ಅಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್ ಮಾಡುವ ಸ್ವಿಚ್ಚು. ಅದರ ಪಿನ್ನುಗಳ ಪಕ್ಕ ನಂಬರ್ ಬರೆದಿರುತ್ತದೆ. ಬ್ಯಾಟರಿ ಪ್ಲಸ್‌ನಿಂದ 10 ಆಂಪಿಯರ್ ಫ್ಯೂಸ್, ಅಲ್ಲಿಂದ ರಿಲೇಯ 30. ಮೋಟರಿಗೆ 87. ಕೀ ಆನ್ ಮಾಡಿದಾಗ ಮಾತ್ರ ಕರೆಂಟ್ ಬರುವ ವೈರ್ 86ಕ್ಕೆ. 85ರ ಅರ್ಥಿಂಗ್ ಅನ್ನು ಒತ್ತು ಸ್ವಿಚ್‌ನ ಮೂಲಕ ಕೊಡು. ಬಿಟ್ಟ ಕೂಡಲೇ ನಿಲ್ಲುವ ಸ್ವಿಚ್ಚೇ ಇರಲಿ. ಏರಿನಲ್ಲಿ ಎರಡು ಮೂರು ಸೆಕೆಂಡ್ ಒತ್ತು, ಆರಲು ಬಿಡು, ಮತ್ತೆ ಒತ್ತು. ವಾಷರ್ ಮೋಟರು ಒಂದೇ ಸಮನೆ ಓಡಲು ಮಾಡಿದ್ದಲ್ಲ.

ಇನ್ನೊಬ್ಬರು (ಸಿರುಗುಪ್ಪ):
ಸರ್, ನಮ್ಮ ಹತ್ತಿರ ಭತ್ತಕ್ಕೆ ಔಷಧಿ ಹೊಡೆಯುವ ಹಳೇ ಬ್ಯಾಟರಿ ಪಂಪು ಇದೆ. ಅದು ನಡೆಯುತ್ತಾ? ನೀರಿಗೆ ಸ್ವಲ್ಪ ಸ್ಪಿರಿಟ್ ಬೆರೆಸಿದರೆ ಇನ್ನೂ ತಂಪಲ್ವಾ?

ಉತ್ತರ:
12 ವೋಲ್ಟಿನದಾದರೆ ಪಂಪು ಚೆನ್ನಾಗೇ ನಡೆಯುತ್ತದೆ. ವಾಷರ್ ಮೋಟರಿಗಿಂತ ಒತ್ತಡ ಜಾಸ್ತಿ, ಅದರ ಸ್ಪ್ರೇ ನಾಝಲ್ಲೂ ಹನಿಯನ್ನು ಸಣ್ಣಗೆ ಒಡೆಯುತ್ತದೆ. ಔಷಧಿಯ ಟ್ಯಾಂಕ್ ಮಾತ್ರ ಬೇಡ. ಪೈಪು ಹೊಸದು ಹಾಕಿ, ಪಂಪಿನಲ್ಲಿ ನಾಲ್ಕೈದು ಸಲ ಶುದ್ಧ ನೀರು ಹರಿಸಿ.

ಸ್ಪಿರಿಟ್ ಖಂಡಿತ ಬೇಡ ರೀ. ಪಕ್ಕದಲ್ಲೇ ಕೆಂಡದಂಥ ಟರ್ಬೊ ಇರುತ್ತದೆ, ಬೆಂಕಿ ಹತ್ತುತ್ತದೆ. ಗುಜರಿ ಬಾಟಲಿಯಲ್ಲಿ ಉಳಿದ ವಾಷರ್ ದ್ರವದಲ್ಲೂ ಸ್ಪಿರಿಟ್ ಇರಬಹುದು, ಅದನ್ನೂ ಚೆಲ್ಲಿ ತೊಳೆಯಿರಿ.

ಪ್ರಶ್ನೆ ಕೇಳಿದವರು:
ಅಣ್ಣಾ, ಬೋರ್ ನೀರು ಹಾಕಬಹುದಾ? ನಾಝಲ್ ಎಲ್ಲಿ ಕೂರಿಸಲಿ?

ಉತ್ತರ:
ನಮ್ಮ ಕಡೆ ಬೋರ್ ನೀರು ಗಡಸು. ಬಿಸಿ ರೆಕ್ಕೆ ಮೇಲೆ ಆರಿದರೆ ಬಿಳಿ ಪೊರೆ ಕಟ್ಟುತ್ತದೆ, ನಾಝಲ್ ತೂತೂ ಮುಚ್ಚುತ್ತದೆ. ಮನೆಯ ಎಸಿಯಿಂದ ತೊಟ್ಟಿಕ್ಕುವ ನೀರನ್ನು ಕ್ಯಾನಿನಲ್ಲಿ ಹಿಡಿದು ಬಟ್ಟೆಯಲ್ಲಿ ಸೋಸು. ಅದರಲ್ಲಿ ಉಪ್ಪಿಲ್ಲ, ಖರ್ಚೂ ಇಲ್ಲ.

ನಾಝಲ್ ಗಾಳಿ ಒಳಗೆ ಬರುವ ಕಡೆ ಇರಲಿ, ಗಾಳಿಯೇ ಹನಿಯನ್ನು ರೆಕ್ಕೆಗೆ ಒಯ್ಯುತ್ತದೆ. ಟರ್ಬೊ, ಸೈಲೆನ್ಸರ್ ಪೈಪು, ಆಲ್ಟರ್ನೇಟರ್, ಏರ್ ಫಿಲ್ಟರ್ ಬಾಯಿ ಇವುಗಳ ಕಡೆ ತಿರುಗಿಸಬೇಡ. ಕಾದ ಬೀಡು ಕಬ್ಬಿಣಕ್ಕೆ ತಣ್ಣೀರು ಬಿದ್ದರೆ ಬಿರುಕು ಬಿಡಬಹುದು. ಬಾಟಲಿ ನಾಝಲ್ಲಿಗಿಂತ ಮೇಲಿದ್ದರೆ ನೀರು ತಾನೇ ಹರಿದು ಖಾಲಿಯಾಗುತ್ತದೆ. ಅದೇ ಗುಜರಿ ಕಾರಿನ ವಾಷರ್ ಪೈಪಿನಲ್ಲಿ ಹೆಬ್ಬೆರಳಿನಷ್ಟು ಉದ್ದದ, ಒಳಗೆ ಸ್ಪ್ರಿಂಗ್ ಇರುವ ಒನ್-ವೇ ವಾಲ್ವ್ ಇದ್ದರೆ ಕಿತ್ತು ತಾ, ಮೋಟರಿನ ಒತ್ತಡ ಬಂದಾಗ ಮಾತ್ರ ಅದು ತೆರೆಯುತ್ತದೆ. ಆದಷ್ಟೂ ಬಾಟಲಿಯನ್ನೇ ಕೆಳಗೆ ಕಟ್ಟು.