ಬೆಳ್ಳಿಹಬ್ಬದ ಕಾಣಿಕೆ: ಕಮಾನೋ, ಚಿನ್ನದ ಪದಕವೋ, ಮೆಸ್ ಬಿಲ್ಲೋ?

ಪ್ರಶ್ನೆ (2001ರ ತಂಡದ ಹಳೆಯ ವಿದ್ಯಾರ್ಥಿ)

ರಾಜ್ಯದ ಒಂದು ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ನಾವು ನಲವತ್ತೆರಡು ಮಂದಿ 2001ರಲ್ಲಿ ಎಂ.ಎಸ್ಸಿ. ಮುಗಿಸಿದೆವು. ಬೆಳ್ಳಿಹಬ್ಬದ ಸ್ನೇಹಕೂಟಕ್ಕೆಂದು ಕಟ್ಟಿಕೊಂಡ ವಾಟ್ಸ್ಆ್ಯಪ್ ಗುಂಪಿನಲ್ಲಿ ಮಾತಿಗೆ ಮಾತು ಬೆಳೆದು ಈಗ ಸುಮಾರು 6 ಲಕ್ಷ ರೂಪಾಯಿ ಕೂಡಿದೆ. ಅದನ್ನು ನಾವು ಓದಿದ ವಿಭಾಗಕ್ಕೇ ಕೊಡಬೇಕೆಂಬುದರಲ್ಲಿ ಎರಡು ಮಾತಿಲ್ಲ. ಯಾವ ರೂಪದಲ್ಲಿ ಎಂಬಲ್ಲಿ ಮಾತ್ರ ಗುಂಪು ಒಡೆದಿದೆ. ಏಳು ಮಂದಿ ವಿಭಾಗದ ಎದುರು ತಂಡದ ಹೆಸರಿನ ಕಮಾನು ನಿಲ್ಲಬೇಕೆನ್ನುತ್ತಾರೆ. ಹೆಚ್ಚಿನವರು ಚಿನ್ನದ ಪದಕ ಸ್ಥಾಪಿಸೋಣ ಎನ್ನುತ್ತಾರೆ. ನನಗೆ ಎರಡೂ ಒಪ್ಪಿಗೆಯಾಗುತ್ತಿಲ್ಲ, ಆದರೆ ಮೂರನೆಯ ದಾರಿಯನ್ನು ಸ್ಪಷ್ಟವಾಗಿ ಮುಂದಿಡಲೂ ಬರುತ್ತಿಲ್ಲ. ನಂದನ್ ನಿಲೇಕಣಿಯವರು ತಾವು ಓದಿದ ಬಾಂಬೆ ಐಐಟಿಗೆ 2023ರಲ್ಲಿ ಒಂದೇ ಬಾರಿ 315 ಕೋಟಿ ರೂಪಾಯಿ ಕೊಟ್ಟ ಸುದ್ದಿಯನ್ನು ಗುಂಪಿಗೆ ಹಾಕಿದ ಗೆಳೆಯರೊಬ್ಬರು, ನಮ್ಮ ಆರು ಲಕ್ಷ ಯಾವ ಮೂಲೆಗೆ ಎಂದು ಕೇಳಿದ ಮೇಲೆ ಉತ್ಸಾಹವೂ ಸ್ವಲ್ಪ ಇಳಿದಿದೆ. ಇಷ್ಟು ಹಣದಿಂದ ಈಗ ಓದುತ್ತಿರುವ ಮಕ್ಕಳಿಗೆ ನಿಜವಾಗಿ ಏನು ಮಾಡಬಹುದು? ಅನುಭವಸ್ಥರು ದಯವಿಟ್ಟು ತಿಳಿಸಬೇಕು.

ಉತ್ತರ (ನಿವೃತ್ತ ಅಧ್ಯಾಪಕ, ಹಿಂದೆ ಹಾಸ್ಟೆಲ್ ವಾರ್ಡನ್)

ಮೊದಲು ಪದಕದ ವಿಷಯ. ಪದಕದ ದತ್ತಿಯೆಂದರೆ ಠೇವಣಿ ಇಟ್ಟು, ಅದರ ಬಡ್ಡಿಯಿಂದ ವರ್ಷಕ್ಕೊಂದು ಪದಕ ಮಾಡಿಸುವುದು. ಒಂದು ಲಕ್ಷಕ್ಕೆ ನೂರಕ್ಕೆ ಏಳರಂತೆ ಬಡ್ಡಿ ಹಿಡಿದರೂ ವರ್ಷಕ್ಕೆ ಏಳು ಸಾವಿರ. ಚಿನ್ನವೋ ಗ್ರಾಮಿಗೆ ಹತ್ತು ಸಾವಿರ ದಾಟಿ ಕುಳಿತಿದೆ. ಮೂವತ್ತು ನಲವತ್ತು ವರ್ಷಗಳ ಹಿಂದೆ ಯಾರೋ ತಂದೆತಾಯಿಯ ಹೆಸರಿನಲ್ಲಿ ಇಟ್ಟ ಹಲವು ದತ್ತಿಗಳು ಹೀಗೇ ಸೊರಗಿ, ಚಿನ್ನದ ಪದಕವೆಂಬುದು ಹೆಸರಿಗಷ್ಟೇ ಚಿನ್ನವಾಗಿ ಉಳಿದಿದೆ. ಅದಿರಲಿ, ಪದಕ ಪಡೆಯುವವರು ಹೇಗೂ ಓದು ಮುಗಿಸಿದವರು. ಅರ್ಧದಲ್ಲೇ ಬಿಟ್ಟುಹೋಗುವ ಹುಡುಗನ ಕೈಗೆ ಅದು ಎಂದೂ ತಲುಪುವುದಿಲ್ಲ.

ಹಾಗಾದರೆ ಅವನು ಬಿಡುವುದು ಯಾವುದಕ್ಕೆ? ನಾನು ವಾರ್ಡನ್ ಆಗಿದ್ದಾಗ ಕಂಡಂತೆ, ದೊಡ್ಡ ಶುಲ್ಕಕ್ಕಿಂತ ಹೆಚ್ಚಾಗಿ ಎರಡು ಮೂರು ಸಾವಿರದ ಬಾಕಿಗೆ. ನಮ್ಮಲ್ಲಿ ಮೆಸ್ ನಡೆಯುತ್ತಿದ್ದುದು ಡಿವೈಡಿಂಗ್ ಪದ್ಧತಿಯಲ್ಲಿ, ಅಂದರೆ ತಿಂಗಳ ಅಕ್ಕಿ, ಬೇಳೆ, ತರಕಾರಿ, ಗ್ಯಾಸು, ಅಡುಗೆಯವರ ಸಂಬಳ ಎಲ್ಲವನ್ನೂ ಕೂಡಿಸಿ ಉಂಡವರ ದಿನಗಳ ಲೆಕ್ಕದಲ್ಲಿ ಹಂಚುವುದು. ಸರ್ಕಾರದ ವಿದ್ಯಾರ್ಥಿವೇತನ ಮಂಜೂರಾಗಿರುತ್ತದೆ, ಆದರೆ ಖಾತೆಗೆ ಬಿದ್ದಿರುವುದಿಲ್ಲ. ಅಷ್ಟರಲ್ಲಿ ಪರೀಕ್ಷೆ ಬರುತ್ತದೆ. ಬಾಕಿ ತೀರಿಸಿ ನೋ ಡ್ಯೂ ಪತ್ರ ತಾರದವರಿಗೆ ಹಾಲ್ ಟಿಕೆಟ್ ಇಲ್ಲ. ಒಮ್ಮೆ ಒಬ್ಬ ಹುಡುಗ ಪರೀಕ್ಷೆಯ ಹಿಂದಿನ ದಿನ ಟ್ರಂಕು ಹೊತ್ತು ಬಸ್ ಸ್ಟ್ಯಾಂಡಿಗೆ ಹೊರಟಿದ್ದ. ತಡೆದು ಕೇಳಿದಾಗ, ‘ಊರಿಗೆ ಹೋಗಿ ಬರ್ತೀನಿ ಸರ್’ ಎಂದನೇ ಹೊರತು ಬಾಕಿಯ ಮಾತನ್ನೇ ಎತ್ತಲಿಲ್ಲ. ಆ ದಿನ ಅಡುಗೆಯವರು ಮತ್ತು ನಾನು ಸೇರಿ ಕಟ್ಟಿದೆವು. ಹೀಗೆ ಎಷ್ಟು ಜನರಿಗೆ ಕಟ್ಟಲಾದೀತು?

ಆದ್ದರಿಂದ ನನ್ನ ಸಲಹೆಯಿದು. ಆರು ಲಕ್ಷವನ್ನೂ ಠೇವಣಿ ಇಟ್ಟರೆ ವರ್ಷಕ್ಕೆ ಕೈಗೆ ಬರುವುದು 42,000. ಅದರ ಬದಲು ನಾಲ್ಕು ಲಕ್ಷವನ್ನು ಠೇವಣಿಯಿಟ್ಟು ಎರಡು ಲಕ್ಷವನ್ನು ತಿರುಗುವ ನಿಧಿಯಾಗಿ ವಿಭಾಗದ ಬಳಿ ಇರಿಸಿ. ತಲೆಗೆ ಐದು ಸಾವಿರದಂತೆ ಏಕಕಾಲಕ್ಕೆ ನಲವತ್ತು ಮಂದಿಗೆ ಕೈಗಡ ಕೊಡಬಹುದು. ವಿದ್ಯಾರ್ಥಿವೇತನ ಬಂದಾಗ ಅವರು ಹಿಂದಿರುಗಿಸುತ್ತಾರೆ. ಎಲ್ಲರೂ ಹಿಂದಿರುಗಿಸುವುದಿಲ್ಲ, ಅದನ್ನು ಮೊದಲೇ ಒಪ್ಪಿಕೊಂಡಿರಬೇಕು. ಠೇವಣಿಯ 28,000 ಬಡ್ಡಿ ಆ ಕೊರತೆಯನ್ನು ತುಂಬಲಿ. ಅರ್ಜಿ ಒಂದೇ ಪುಟವಿರಲಿ, ನಿರ್ಧಾರ ಎರಡೇ ದಿನದಲ್ಲಿ ಆಗಲಿ. ಇನ್ನೊಂದು ಮಾತು: ಚೆಕ್ ವಿತರಣಾ ಸಮಾರಂಭ ಮಾಡಿ ಮಕ್ಕಳನ್ನು ವೇದಿಕೆಗೆ ಹತ್ತಿಸಬೇಡಿ.

ಉತ್ತರ (ಲೆಕ್ಕಪರಿಶೋಧಕಿ, ಹುಬ್ಬಳ್ಳಿ)

ಹಿರಿಯರ ಸಲಹೆಗೆ ನನ್ನ ಸಹಮತವಿದೆ, ಆದರೆ ಕಾಗದಪತ್ರ ಸರಿಯಿರದಿದ್ದರೆ ಒಳ್ಳೆಯ ಉದ್ದೇಶವೂ ಎರಡೇ ವರ್ಷದಲ್ಲಿ ಕಡತದೊಳಗೆ ಮಲಗುತ್ತದೆ. ಹಣವನ್ನು ಯಾರದೋ ಉಳಿತಾಯ ಖಾತೆಯಲ್ಲಿ ಇಟ್ಟುಕೊಳ್ಳಬೇಡಿ. ಒಂದೋ, ವಿಶ್ವವಿದ್ಯಾಲಯದ ದತ್ತಿ ನಿಯಮಗಳ ಅಡಿಯಲ್ಲಿ ಲಿಖಿತ ಒಪ್ಪಂದ ಮಾಡಿಕೊಂಡು, ಈ ಹಣ ಸಾಮಾನ್ಯ ನಿಧಿಗೆ ಸೇರುವುದಿಲ್ಲವೆಂದೂ ಪ್ರತಿ ವರ್ಷ ಲೆಕ್ಕವನ್ನು ತಂಡಕ್ಕೆ ಕಳುಹಿಸಬೇಕೆಂದೂ ಬರೆಯಿಸಿ; ಇಲ್ಲವೇ ಕರ್ನಾಟಕ ಸಂಘಗಳ ನೋಂದಣಿ ಅಧಿನಿಯಮ, 1960ರ ಅಡಿಯಲ್ಲಿ ನೋಂದಾಯಿತವಾದ ಹಳೆಯ ವಿದ್ಯಾರ್ಥಿಗಳ ಸಂಘವಿದ್ದರೆ ಅದರ ಮೂಲಕ ಹೋಗಿ. ಕಾಲೇಜುಗಳ ಗುಣಮಟ್ಟ ಅಳೆಯುವ ರಾಷ್ಟ್ರೀಯ ಸಂಸ್ಥೆ ನ್ಯಾಕ್‌ನ ಮೌಲ್ಯಮಾಪನದಲ್ಲಿ ಹಳೆಯ ವಿದ್ಯಾರ್ಥಿಗಳ ಪಾಲ್ಗೊಳ್ಳುವಿಕೆಗೂ ಅಂಕಗಳಿದ್ದ ಕಾರಣ ಬಹಳ ಕಾಲೇಜುಗಳಲ್ಲಿ ಸಂಘ ಹುಟ್ಟಿಕೊಂಡಿದೆ. ಆದರೆ ನ್ಯಾಕ್ ತಂಡ ಬಂದುಹೋದ ಮೇಲೆ ಅದು ಉಸಿರಾಡುತ್ತಿದೆಯೇ ಎಂಬುದನ್ನು ನೀವೇ ನೋಡಿಕೊಳ್ಳಬೇಕು.

ತೆರಿಗೆಯ ಬಗ್ಗೆ ಹೇಳುವುದಾದರೆ, 80ಜಿ ಎಂದು ನಾವು ಕರೆಯುತ್ತ ಬಂದ ದೇಣಿಗೆ ರಿಯಾಯಿತಿ ಹಳೆಯ ತೆರಿಗೆ ಪದ್ಧತಿಯಲ್ಲಿ ಉಳಿದವರಿಗೆ ಮಾತ್ರ ಸಿಗುತ್ತದೆ. ಎರಡು ಸಾವಿರ ಮೀರಿದ ನಗದು ದೇಣಿಗೆಗೆ ಅದೂ ಇಲ್ಲ. ಹೊರದೇಶದಲ್ಲಿರುವ ನಿಮ್ಮ ಗೆಳೆಯರ ಬಗ್ಗೆ ವಿಶೇಷ ಎಚ್ಚರ ಬೇಕು. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡಿರುವವರು ತಮ್ಮ ಸ್ವಂತ ಉಳಿತಾಯದಿಂದ ಬ್ಯಾಂಕಿನ ಮೂಲಕ ಕಳುಹಿಸಿದ ಹಣ ವಿದೇಶಿ ದೇಣಿಗೆ ಎನಿಸುವುದಿಲ್ಲ. ಅಮೆರಿಕದ ಪೌರತ್ವ ಪಡೆದವರು ಒಸಿಐ (ಸಾಗರೋತ್ತರ ಭಾರತೀಯ) ಕಾರ್ಡ್ ಹೊಂದಿದ್ದರೂ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ (ಎಫ್‌ಸಿಆರ್‌ಎ) ಕಣ್ಣಿನಲ್ಲಿ ವಿದೇಶಿ ಮೂಲವೇ. ಅವರ ಹಣವನ್ನು ಸಂಘವು ಎಫ್‌ಸಿಆರ್‌ಎ ಅನುಮತಿಯಿಲ್ಲದೆ ಮುಟ್ಟುವಂತಿಲ್ಲ. ಎಲ್ಲರ ಹಣವನ್ನೂ ಒಂದೇ ಖಾತೆಗೆ ಹಾಕಿಸಿಕೊಂಡಿದ್ದರೆ ಇಂದೇ ವಿಚಾರಿಸಿ.

ಉತ್ತರ (ಸಂಶೋಧನಾ ವಿದ್ಯಾರ್ಥಿ)

ಅಪಸ್ವರ ತೆಗೆಯುತ್ತಿದ್ದೇನೆ, ಕ್ಷಮಿಸಿ. ವಿದ್ಯಾರ್ಥಿವೇತನ ಸಕಾಲಕ್ಕೆ ಬರುವಂತೆ ಮಾಡುವುದು ಸರ್ಕಾರದ ಕೆಲಸ. ಅದರ ವಿಳಂಬವನ್ನು ಹಳೆಯ ವಿದ್ಯಾರ್ಥಿಗಳು ತಮ್ಮ ಜೇಬಿನಿಂದ ಮುಚ್ಚುತ್ತ ಹೋದರೆ ವಿಳಂಬವೇ ವ್ಯವಸ್ಥೆಯಾಗುವುದಿಲ್ಲವೇ? ಬಾಂಬೆ ಐಐಟಿಯ 1998ರ ತಂಡ ತನ್ನ ಬೆಳ್ಳಿಹಬ್ಬಕ್ಕೆ 57 ಕೋಟಿ ಕೊಡುವುದಾಗಿ ಘೋಷಿಸಿತು, ಸಂತೋಷವೇ. ಆದರೆ ಹಳೆಯ ವಿದ್ಯಾರ್ಥಿಗಳು ಶ್ರೀಮಂತರಾದ ಕಡೆಗೇ ಹಣ ಹರಿಯುತ್ತದೆ. ಕನ್ನಡ ಎಂ.ಎ. ಓದಿ ಅತಿಥಿ ಉಪನ್ಯಾಸಕರಾಗಿ ದುಡಿಯುತ್ತಿರುವವರ ತಂಡ ಎಲ್ಲಿಂದ ತಂದೀತು?

ಉತ್ತರ (ನಿವೃತ್ತ ಅಧ್ಯಾಪಕ)

ತಮ್ಮ ಮಾತು ನ್ಯಾಯವಾದದ್ದು, ಮತ್ತು ನಿಧಿ ಕೊಡುವವರೇ ವರ್ಷಕ್ಕೊಮ್ಮೆ ಎಷ್ಟು ಮಕ್ಕಳ ವೇತನ ಎಷ್ಟು ತಿಂಗಳು ತಡವಾಯಿತು ಎಂಬ ಪಟ್ಟಿಯನ್ನು ಇಲಾಖೆಗೆ ಕಳುಹಿಸಬೇಕೆಂದು ನಾನೂ ಹೇಳುತ್ತೇನೆ. ಕೈಗಡದ ಪುಸ್ತಕವೇ ಅದಕ್ಕೆ ಸಾಕ್ಷಿಯಾಗುತ್ತದೆ. ಆದರೆ ಮುಂದಿನ ವಾರದ ಪರೀಕ್ಷೆ ಇಲಾಖೆಯ ಉತ್ತರಕ್ಕಾಗಿ ಕಾಯುವುದಿಲ್ಲ. ವಾರಾನ್ನ ಉಂಡು ಓದಿದ ತಲೆಮಾರು ನಮ್ಮ ಹಿಂದೆಯೇ ಇತ್ತು. 1906ರಲ್ಲಿ ತೀರಿಕೊಂಡ ಸಿರಸಂಗಿ ಲಿಂಗರಾಜರು ತಮ್ಮ ಆಸ್ತಿಯನ್ನು ಮಕ್ಕಳ ಓದಿಗೆಂದು ಬರೆದಿಟ್ಟು ಹೋದಾಗ ಅವರೇನೂ ಯಾವ ಕಾಲೇಜಿನ ಋಣ ತೀರಿಸುತ್ತಿರಲಿಲ್ಲ. ಸಣ್ಣ ಮೊತ್ತದ ಬಗ್ಗೆಯೂ ಅಳುಕು ಬೇಡ. ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಮಕ್ಕಳ ಶುಲ್ಕ ನೆರವಿಗೆಂದು 2018ರಲ್ಲಿ 180 ಕೋಟಿ ಡಾಲರ್ ಕೊಟ್ಟ ಮೈಕೆಲ್ ಬ್ಲೂಮ್‌ಬರ್ಗ್, ಪದವಿ ಪಡೆದ ಮರುವರ್ಷ ಅಲ್ಲಿಗೆ ಕಳುಹಿಸಿದ ಮೊದಲ ದೇಣಿಗೆ 5 ಡಾಲರ್.

ಉತ್ತರ (ಪ್ರೌಢಶಾಲಾ ಶಿಕ್ಷಕಿ)

ನಾನು ಇಂಥದೇ ನೆರವು ಪಡೆದವಳು. ಎಂ.ಎ. ಕೊನೆಯ ಸೆಮಿಸ್ಟರಿನಲ್ಲಿ 1,850 ರೂಪಾಯಿ ಮೆಸ್ ಬಾಕಿಯಿತ್ತು. ವಿಭಾಗದ ಕ್ಲರ್ಕ್ ಮೇಡಂ ಕಪಾಟಿನಿಂದ ಕೆಂಪು ರಟ್ಟಿನ ಪುಸ್ತಕ ತೆಗೆದು, ಸಹಿ ಮಾಡಿಸಿಕೊಂಡು, ಎಣಿಸಿ ಕೊಟ್ಟರು. ನನ್ನ ಹೆಸರಿನ ಮೇಲಿದ್ದ ಹೆಸರುಗಳನ್ನು ಅವರು ಅಂಗೈಯಿಂದ ಮುಚ್ಚಿ ಹಿಡಿದಿದ್ದರು. ಕೆಲಸ ಸಿಕ್ಕ ಮೇಲೆ ಎರಡು ಸಾವಿರ ತೀರಿಸಲು ಹೋದಾಗ, ಉಳಿದ 150 ಅನ್ನು ಹಿಂದಕ್ಕೆ ಕೊಡಲು ಬಂದರು; ನಾನು ತೆಗೆದುಕೊಳ್ಳಲಿಲ್ಲ. ಆ ಹಣ ಯಾರು ಇಟ್ಟದ್ದೆಂದು ನನಗೆ ಇವತ್ತಿಗೂ ಗೊತ್ತಿಲ್ಲ.

ಪ್ರಶ್ನೆ ಕೇಳಿದವರ ಮರುನುಡಿ

ಎಲ್ಲರಿಗೂ ಧನ್ಯವಾದಗಳು. ಲೆಕ್ಕಪರಿಶೋಧಕಿಯವರ ಎಚ್ಚರಿಕೆ ಓದಿದೊಡನೆ ಪಟ್ಟಿ ತೆಗೆದು ನೋಡಿದೆ. ಟೆಕ್ಸಸ್‌ನಲ್ಲಿರುವ ಇಬ್ಬರು ಒಸಿಐ ಗೆಳೆಯರ ಹಣ ಇನ್ನೂ ಬಂದಿಲ್ಲ, ಸದ್ಯ ಕಳುಹಿಸಬೇಡಿರೆಂದು ತಿಳಿಸಿದ್ದೇನೆ. ಭಾನುವಾರದ ಸಭೆಯಲ್ಲಿ ತಿರುಗುವ ನಿಧಿಯ ಪ್ರಸ್ತಾಪವನ್ನು ಮಂಡಿಸುತ್ತೇನೆ. ಪದಕದವರು ಬಡ್ಡಿಯ ಲೆಕ್ಕ ಕೇಳಿ ಮೆತ್ತಗಾಗಿದ್ದಾರೆ. ಕಮಾನಿನ ಏಳು ಮಂದಿ ಮಾತ್ರ, ಹೆಸರು ಎಲ್ಲಿ ಬರುತ್ತದೆ ಎಂದು ಕೇಳುತ್ತಿದ್ದಾರೆ. ಕೆಂಪು ಪುಸ್ತಕದ ಮೊದಲ ಪುಟದಲ್ಲಿ ಬರೆಸೋಣವೆಂದಿದ್ದೇನೆ, ಇನ್ನೂ ಉತ್ತರ ಬಂದಿಲ್ಲ.